ಬೋಳುತಲೆಯ ರಾಜಹಕ್ಕಿ

ಸೋಪು ಕೈಜಾರಿ ಬಚ್ಚಲಿನ ಮೂಲೆಗೆ ಓಡಿತು. ಬಗ್ಗಿ ಎತ್ತಿಕೊಂಡು ಅವಳು ಮತ್ತೆ ಮೊಣಕೈವರೆಗೆ ಉಜ್ಜಿಕೊಂಡಳು, ಉಗುರಿನ ಸಂದಿಗೆ ಹಳೆಯ ಬ್ರಷ್ ತೂರಿಸಿ ಕೆರೆದಳು, ತೊಳೆದಳು, ಅಂಗೈಯನ್ನು ಮೂಗಿಗೆ ಹಿಡಿದಳು. ಏನೂ ಇಲ್ಲ. ಏನೂ ಇಲ್ಲವೆನ್ನಿಸುವುದೇ ಈಗ ಅವಳಿಗೆ ಹೆದರಿಕೆ. ಕಸಾಯಿಖಾನೆಯ ಹಿಂದೆ, ಕರುಳು ಗೊರಸು ತುಂಬಿದ ಟ್ರೈಲರಿನ ಪಕ್ಕ ನಿಂತಾಗಲೂ ಅವಳ ಮೂಗಿಗೆ ಏನೂ ಇರುವುದಿಲ್ಲ. ಮೊದಮೊದಲು ಸೆರಗನ್ನು ಮೂಗಿಗೆ ಒತ್ತಿಕೊಳ್ಳುತ್ತಿದ್ದಳು. ಆಮೇಲೆ ಯಾವತ್ತೋ ಒಂದು ದಿನ, ಯಾವತ್ತೆಂದು ಅವಳಿಗೇ ಗೊತ್ತಾಗದ ಹಾಗೆ, ಸೆರಗು ತಾನಾಗಿ ಹೆಗಲಿಗೆ ಹಿಂತಿರುಗಿತ್ತು. ಈಗ ವಾಸನೆ ಇದೆಯೋ ಇಲ್ಲವೋ ತಿಳಿಯುವುದು ಬೇರೆಯವರ ಮುಖದಲ್ಲಿ. ಬಸ್ಸಿನಲ್ಲಿ ಪಕ್ಕದ ಸೀಟಿನವಳು ಸುಮ್ಮನೆ ಎದ್ದುಹೋಗಿ ಕಂಬಿ ಹಿಡಿದು ನಿಲ್ಲುತ್ತಾಳೆ. ತರಕಾರಿಯವನು ಚಿಲ್ಲರೆಯನ್ನು ಕೈಗೆ ಕೊಡದೆ ತಕ್ಕಡಿಯ ಮೇಲಿಡುತ್ತಾನೆ. ಮಗಳು ಬಂದಾಗಿನಿಂದ, ಮಗಳ ಮುಖ.

ಚೊಚ್ಚಲ ಹೆರಿಗೆಗೆಂದು ಬಂದಿದ್ದ ಮಗಳು ಬಂದ ದಿನವೇ ತನ್ನ ಕೋಣೆಯ ಕಿಟಕಿ ಮುಚ್ಚಿದವಳು ಮತ್ತೆ ತೆಗೆದಿರಲಿಲ್ಲ. ಹೊರಗಿನ ಧೂಳು, ಅಂದಿದ್ದಳು. ಬಸುರಿಯರಿಗೆ ಮೂಗು ನಾಯಿಯ ಮೂಗಿನಷ್ಟು ಚುರುಕಾಗುತ್ತದೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಇದೇ ಮಗಳು ಹೊಟ್ಟೆಯಲ್ಲಿದ್ದಾಗ ಪಕ್ಕದ ಮನೆಯವರ ಒಗ್ಗರಣೆಗೆ ವಾಂತಿ ಮಾಡಿಕೊಂಡವಳು ತಾನು. ಆದರೂ ನಿನ್ನೆ ಮಧ್ಯಾಹ್ನ ಬಾಗಿಲ ಹೊರಗೆ ಹಾಲಿನ ಲೋಟ ಹಿಡಿದು ನಿಂತಾಗ ಕೇಳಿಸಿದ ಮಾತು ಇನ್ನೂ ಕಿವಿಯೊಳಗೆ ಸೊಳ್ಳೆಯ ಹಾಗೆ ಸುತ್ತುತ್ತಿತ್ತು. ಹಡಗಿನ ಕೆಲಸದಲ್ಲಿದ್ದ ಅಳಿಯನಿಗೆ ಫೋನಿನಲ್ಲಿ ಹೇಳುತ್ತಿದ್ದಳು: "ಇಲ್ಲಿ ಆಗಲ್ಲ ರೀ. ಅಮ್ಮನಿಗೆ ಹೇಗೆ ಹೇಳ್ಲಿ? ತಟ್ಟೆಗೆ ಅನ್ನ ಬಡಿಸ್ತಾಳೆ, ಉಸಿರು ಬಿಗಿ ಹಿಡ್ಕೊಂಡು ತಿಂತೀನಿ. ಅತ್ತೆ ಹತ್ರಾನೇ ಹೋಗ್ಬಿಡ್ಲಾ?" ಲೋಟದ ಹಾಲನ್ನು ಅವಳು ಅಡುಗೆಮನೆಗೆ ವಾಪಸು ತಂದು ಕೆನೆ ಕಟ್ಟುವವರೆಗೆ ನೋಡುತ್ತ ನಿಂತಿದ್ದಳು. ಬಡಿಸಿದ ಕೈ. ಎರೆದ ಕೈ. ನಾಳೆ ಕೂಸನ್ನು ಎತ್ತಿಕೊಳ್ಳಬೇಕಾದ ಕೈ.

ಹೇಗೂ ಇವತ್ತೊಂದು ದಿನ ಕಳೆದರೆ ಆಯಿತು. ಇವತ್ತು ಪ್ರವಾಸೋದ್ಯಮ ಇಲಾಖೆಯ ತಂಡ ಕೆರೆ ನೋಡಲು ಬರುತ್ತದೆ, ಮೆಚ್ಚಿದರೆ ಊರನ್ನು ಪ್ರವಾಸಿ ತಾಣವೆಂದು ಘೋಷಿಸುತ್ತದೆ, ಆಗ ಪುರಸಭೆಯಲ್ಲಿ ಪ್ರವಾಸೋದ್ಯಮದ ಹೊಸ ವಿಭಾಗ ತೆರೆಯುತ್ತದೆ. ಆ ವಿಭಾಗಕ್ಕೆ ಅವಳು. ಅಧ್ಯಕ್ಷರು ಬಾಯಿಬಿಟ್ಟು ಹೇಳಿದ್ದರು: "ಎಷ್ಟು ದಿನಾ ಅಂತ ಕಸದ ಹಿಂದೆ ಓಡಾಡ್ತೀರಿ ಮೇಡಂ? ಇದು ಆದ್ರೆ ನಿಮಗೆ ಫ್ಯಾನ್ ಕೆಳಗೆ ಕುರ್ಚಿ. ನನ್ನ ಜವಾಬ್ದಾರಿ." ಫ್ಯಾನಿನ ಕೆಳಗಿನ ಆ ಕುರ್ಚಿಯಲ್ಲಿ ಕೂತರೆ ಒಂದು ತಿಂಗಳಲ್ಲಿ ಮೈಯಿಂದ ಎಲ್ಲ ಬಿಟ್ಟುಹೋಗುತ್ತದೆ. ಹೆರಿಗೆಯ ಹೊತ್ತಿಗೆ ಅವಳು ಬೇರೆ ಅಜ್ಜಿಯರ ಹಾಗೆ ಬರೀ ಸೋಪಿನ, ಬರೀ ಹಾಲಿನ ವಾಸನೆಯ ಅಜ್ಜಿ.

"ನಾನು ಬರಲೇಬೇಕಾ ಅಮ್ಮ?" ಮಗಳು ಮಂಚದ ಅಂಚಿನಲ್ಲಿ ಕೂತು ಚಪ್ಪಲಿಗಾಗಿ ಕಾಲಿನಿಂದಲೇ ತಡಕಾಡುತ್ತಿದ್ದಳು; ಹೊಟ್ಟೆ ಅಡ್ಡ ಬಂದು ಕಾಲು ಕಾಣುತ್ತಿರಲಿಲ್ಲ.

"ಬಾರೇ. ವೇದಿಕೆ ಮೇಲೆ ನನಗೂ ಒಂದು ಕುರ್ಚಿ ಹಾಕ್ತಾರಂತೆ."

"ಕುರ್ಚಿ ನೋಡೋಕೆ ಬರಬೇಕಾ?"

"ಕುರ್ಚೀಲಿ ಕೂತ ನಿಮ್ಮಮ್ಮನ್ನ ನೋಡೋಕೆ. ಇಷ್ಟು ದಿನ ಬೇರೆಯವರ ಕುರ್ಚಿ ಒರೆಸಿಟ್ಟಿದ್ದೇ ಆಯ್ತಲ್ಲ."

ಮಗಳು ನಕ್ಕಳು. ನಗುವಾಗಲೂ ಬಾಯಿಂದಲೇ ಉಸಿರಾಡುತ್ತಿದ್ದಳು.

ಕೆರೆಯ ಕಡೆಗೆ ಆಟೋದಲ್ಲಿ ಹೋಗುವಾಗ ಬಸ್ ನಿಲ್ದಾಣದ ಎದುರಿನ ಸಿಮೆಂಟಿನ ಹಕ್ಕಿ ಕಾಣಿಸಿತು. ಊರಿನವರು ಆ ಜಾತಿಯ ಹಕ್ಕಿಯನ್ನು ಕರೆಯುತ್ತಿದ್ದುದು ಬೋಳ ಎಂದು. ಆಳೆತ್ತರದ ಕೊಕ್ಕರೆ, ತಲೆಯ ಮೇಲೆ ಒಂದು ಗರಿಯಿಲ್ಲ, ಹುಣ್ಣು ಒಣಗಿದಂಥ ಚರ್ಮ, ಕತ್ತಿನ ಕೆಳಗೆ ಜೋತಾಡುವ ಕೆಂಪು ಚೀಲ, ತನ್ನ ಕಾಲಿನ ಮೇಲೆ ತಾನೇ ಹೇತುಕೊಂಡು ಬೆಳ್ಳಗೆ ಮಾಡಿಕೊಂಡಿರುವ ಪ್ರಾಣಿ. ಬೋಳ ಅಂದರೆ ಟಿಕೆಟ್ ಯಾರು ಕೊಳ್ಳುತ್ತಾರೆಂದು ಪುರಸಭೆ ಸರ್ವಾನುಮತದಿಂದ ಅದಕ್ಕೆ ರಾಜಹಕ್ಕಿ ಎಂದು ಮರುನಾಮಕರಣ ಮಾಡಿತ್ತು. ಪ್ರತಿಮೆ ಮಾಡಿದವನು ಒಂದು ಹೆಜ್ಜೆ ಮುಂದೆ ಹೋಗಿ, ರಾಜ ಬೋಳಾಗಿದ್ದರೆ ಚೆನ್ನಾಗಿರಲ್ಲ ಸಾರ್ ಎಂದು ನೀಲಿ ಜುಟ್ಟು ಇಟ್ಟಿದ್ದ. ಎಲ್ಲ ಶುರುವಾದದ್ದು ಅದಕ್ಕೂ ಮೊದಲು, ಪುರಸಭೆಯ ಒಂದು ಸಭೆಯಲ್ಲಿ. ಅಧ್ಯಕ್ಷರು ಮೊದಲು ಸಿನಿಮಾ ಟಾಕೀಸು ನಡೆಸಿದವರು, ಹೌಸ್‌ಫುಲ್ ಬೋರ್ಡಿನ ಕನಸು ಇನ್ನೂ ಬಿಟ್ಟಿರಲಿಲ್ಲ. "ಚರಂಡಿ ತೋಡೋದು, ಬೀದಿದೀಪ ಹಾಕೋದು, ಇಷ್ಟಕ್ಕೇನಾ ಜನ ನಮ್ಮನ್ನ ಆರಿಸಿ ಕಳಿಸಿರೋದು? ಪುರಸಭೆನೂ ವ್ಯಾಪಾರಕ್ಕೆ ಇಳೀಬೇಕು ಸ್ವಾಮಿ. ನಮ್ಮಲ್ಲಿ ಮಾರೋಕೆ ಏನಿದೆ, ಹೇಳಿ," ಅಂದಿದ್ದರು. "ಸೊಳ್ಳೆ ಇದೆ," ಎಂದು ಹಿಂದಿನ ಸಾಲಿನ ಸದಸ್ಯರೊಬ್ಬರು ಅಂದು ಎಲ್ಲರೂ ನಕ್ಕಿದ್ದರು. ಆ ನಗುವಿನ ಕೊನೆಯಲ್ಲಿ, ಗೋಡೆಗೆ ಆನಿಸಿದ ಸ್ಟೂಲಿನ ಮೇಲೆ ಕೂತಿದ್ದ ಹೆಲ್ತ್ ಇನ್ಸ್‌ಪೆಕ್ಟರ್ ಆದ ಅವಳು, ದೂರು ಹೇಳಲು ಇದೇ ಸಮಯವೆಂದುಕೊಂಡು ಎದ್ದುನಿಂತಿದ್ದಳು. "ಸಾರ್, ಕಸಾಯಿಖಾನೆ ಗುಂಡಿ ಹತ್ರ ಬೋಳಗಳ ಕಾಟ ಜಾಸ್ತಿಯಾಗಿದೆ. ಸುಣ್ಣ ಹಾಕಿ ಮಣ್ಣು ಮುಚ್ಚೋದಕ್ಕೂ ಬಿಡಲ್ಲ. ವಾಸನೆ ಹಿಡ್ಕೊಂಡು ನೂರಾರು ಬರ್ತವೆ." ಅಧ್ಯಕ್ಷರ ಕಣ್ಣು ಹೊಳೆದದ್ದನ್ನು ಅವಳು ನೋಡಿದ್ದಳು. ನೋಡಿ, ನಾಚಿಕೆಯಾಗಬೇಕು, ಖುಷಿಪಟ್ಟಿದ್ದಳು. ತಾನು ಆಡಿದ ಮಾತು ಯಾರದ್ದಾದರೂ ಕಣ್ಣಲ್ಲಿ ಹೊಳೆದು ಎಷ್ಟು ಕಾಲವಾಗಿತ್ತು!

ಆ ಗುಂಡಿ ಅವಳ ಹೆಮ್ಮೆಯಾಗಿತ್ತು ಎಂದರೆ ಯಾರಾದರೂ ನಕ್ಕಾರು. ಆಳವಾಗಿ ತೋಡಿಸಿ, ಸುತ್ತ ತಂತಿ ಹಾಕಿಸಿ, ಒಂದು ಪದರ ಹೊಲಸು ಒಂದು ಪದರ ಸುಣ್ಣ, ಮೇಲೆ ಮಣ್ಣು. ಕೆರೆಬೀದಿಯಲ್ಲಿ ನೊಣ ಕಡಿಮೆಯಾದಾಗ ಅದು ತನ್ನ ಗುಂಡಿಯಿಂದ ಎಂದು ಅವಳೊಬ್ಬಳಿಗೇ ಗೊತ್ತಿತ್ತು. ಸಭೆಯಾದ ಮೇಲೆ ಗುಂಡಿ ನಿಂತಿತು. ಹಕ್ಕಿಗೆ ಕೆಡುಕೆಂದು ಸುಣ್ಣವೂ ನಿಂತಿತು. ಬೆಳಗಾಗುವ ಮೊದಲೇ ಟ್ರಾಕ್ಟರು ಕೆರೆಯ ದಂಡೆಗೆ ಬಂದು ಎಲ್ಲವನ್ನೂ ಉದ್ದಕ್ಕೆ ಸುರಿದು ಹೋಗಬೇಕು, ಬಿಸಿಲೇರಿ ಪ್ರವಾಸಿಗಳು ವೀಕ್ಷಣಾ ಗೋಪುರ ಹತ್ತುವ ಹೊತ್ತಿಗೆ ರಾಜಹಕ್ಕಿಗಳು ತಾವಾಗಿ ಮೀನು ಹುಡುಕಿಕೊಂಡು ಬಂದವರ ಹಾಗೆ ಓಡಾಡುತ್ತಿರಬೇಕು. ಕರಿಯ ಕೊಡೆ ಹಿಡಿದು ಟ್ರಾಕ್ಟರಿನ ಮುಂದೆ ನಡೆಯುತ್ತ, ಕೊಡೆಯ ತುದಿಯಿಂದ ಇಲ್ಲಿ ಹಾಕು, ಅಲ್ಲಿ ಹಾಕು ಎಂದು ತೋರಿಸುವುದು ಅವಳ ಕೆಲಸ. ದಿನಾ. ಊರವರು ಮದುವೆ ದಿಬ್ಬಣ ಬಂತು ಎನ್ನುತ್ತಿದ್ದರು. ಕೆರೆಬೀದಿಯ ಟೈಲರಮ್ಮ ಒಂದು ದಿನ ಆಫೀಸಿಗೇ ಬಂದಿದ್ದಳು, ಕತ್ತಿನಲ್ಲಿ ಅಳತೆಯ ಟೇಪು ಹಾಗೇ ಇತ್ತು. "ಮಗುವಿಗೆ ಭೇದಿ ನಿಲ್ತಿಲ್ಲ ಮೇಡಂ. ಹೊಲಿಗೆ ಮಿಷನ್ ಮೇಲೆ ನೊಣ, ಹಾಲಲ್ಲಿ ನೊಣ. ನೀವೂ ಹೆತ್ತೋರು, ನಿಮಗೆ ಹೇಳಬೇಕಾ?" ಅವಳಿಗೆ ಇವಳು ಹೇಳಿ ಕಳಿಸಿದ್ದೇನು? ಅಧ್ಯಕ್ಷರು ಕಲಿಸಿಕೊಟ್ಟ ಮಾತೇ. "ಪ್ರವಾಸಿಗಳು ಬರೋಕೆ ಶುರುವಾದ್ರೆ ನಿಮ್ಮ ಬೀದಿಗೇ ಅಲ್ವಾ ಲಾಭ? ನೀವೇ ಒಂದು ಟೀ ಅಂಗಡಿ ಇಡಿ." ಟೈಲರಮ್ಮ ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಮೂಗಿಗೆ ಸೆರಗು ಹಿಡಿದು, "ಟೀಗೂ ಹಾಲು ಬೇಕಲ್ಲ ಮೇಡಂ," ಎಂದಷ್ಟೇ ಹೇಳಿ ಹೋಗಿದ್ದಳು.

ಕೆರೆಯ ಬಾಗಿಲಲ್ಲಿ ಟ್ರಾಕ್ಟರು ಸಿಂಗಾರಗೊಂಡು ನಿಂತಿತ್ತು. ಅತಿಥಿಗಳನ್ನು ಗೋಪುರದವರೆಗೆ ಕರೆದೊಯ್ಯಲು ತರಿಸಬೇಕಿದ್ದ ಬ್ಯಾಟರಿ ಗಾಡಿ ಬಂದಿರಲಿಲ್ಲ. ಅಧ್ಯಕ್ಷರು ತಲೆಮೇಲೆ ಕೈಹೊತ್ತು ಕೂತಾಗ, ನಮ್ಮ ಟ್ರಾಕ್ಟರಿದೆಯಲ್ಲ ಸಾರ್, ತೊಳೆದು ಬಣ್ಣ ಹೊಡೆಸಿದರಾಯಿತು ಎಂದವಳು ಅವಳೇ. ತೊಳೆಸಿದವಳೂ ಅವಳೇ. ಟ್ರೈಲರಿನ ಹಲಗೆಗೆ ಬ್ಲೀಚಿಂಗ್ ಪುಡಿ, ಫಿನಾಯಿಲು, ಸೋಪಿನ ನೀರು, ಮತ್ತೆ ಫಿನಾಯಿಲು. ಹಳದಿ ಬಣ್ಣ, ಮೇಲೆ ಶಾಮಿಯಾನದ ಬಟ್ಟೆ, ಕೆಳಗೆ ಕಾರ್ಪೆಟ್ಟು, ಕುರ್ಚಿಗಳು. ಮೀಸೆ ಎಂದೇ ಹೆಸರಾದ ಡ್ರೈವರನನ್ನು ಕರೆದು ಹಲಗೆ ಮೂಸಿ ನೋಡಲು ಹೇಳಿದ್ದಳು. "ನನ್ನ ಮೂಗು ಕೇಳ್ತೀರಲ್ಲ ಮೇಡಂ, ಅದು ನಿಮ್ಮ ಮೂಗಿನ ಅಣ್ಣ," ಎಂದಿದ್ದ ಮೀಸೆ. ಹಾಗಾಗಿ ಈಗ ಮಗಳ ಮೊಣಕೈ ಹಿಡಿದು ಟ್ರೈಲರಿನ ಹತ್ತಿರ ಕರೆತಂದಳು. "ನೋಡೇ, ಏನಾದ್ರೂ ವಾಸನೆ ಇದೆಯಾ? ನಿಜ ಹೇಳು." ಮಗಳು ಹಲಗೆಯ ಅಂಚಿಗೆ ಮುಖ ತಂದು ಉಸಿರೆಳೆದಳು. "ಫಿನಾಯಿಲ್ ಅಷ್ಟೇ ಅಮ್ಮ." ಅವಳಿಗೆ ಅಳು ಬರುವಷ್ಟು ಸಮಾಧಾನವಾಯಿತು. ಹಾಗಾದರೆ ತೊಳೆದರೆ ಹೋಗುತ್ತದೆ. ಮರಕ್ಕೆ ಹಿಡಿದದ್ದೇ ಹೋಗುವುದಾದರೆ ಮೈಗೆ ಹಿಡಿದದ್ದು ಯಾವ ಲೆಕ್ಕ.

ತಂಡದ ಮುಖ್ಯಸ್ಥೆ ಕಪ್ಪು ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಕಾರಿನಿಂದಿಳಿದಳು. ಅಧ್ಯಕ್ಷರು ಸೊಂಟ ಬಗ್ಗಿಸಿ, "ಇವ್ರು ನಮ್ಮ ಹೆಲ್ತ್ ಮೇಡಂ, ರಾಜಹಕ್ಕಿಗಳ ತಾಯಿ ಇದ್ದ ಹಾಗೆ," ಎಂದು ಪರಿಚಯಿಸಿದರು. ಮುಖ್ಯಸ್ಥೆ ಕೈಚಾಚಿದಳು. ಅವಳು ತನ್ನ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ತಲೆಬಾಗಿಸಿದಳು. ಚಾಚಿದ ಕೈ ಒಂದು ಕ್ಷಣ ಗಾಳಿಯಲ್ಲೇ ಇದ್ದು ಕನ್ನಡಕ ಸರಿಪಡಿಸಿಕೊಳ್ಳಲು ಹೋಯಿತು. ಹಕ್ಕಿಗಳು ಚುರುಕಾಗಿರಲೆಂದು ಅಧ್ಯಕ್ಷರು ನಿನ್ನೆ ಏನನ್ನೂ ಹಾಕಿಸಿರಲಿಲ್ಲ. ಅತಿಥಿಗಳು ಗೋಪುರ ಹತ್ತಿದ ಮೇಲೆ ಆಚೆ ದಂಡೆಯಲ್ಲಿ ಕೈಗಾಡಿಯಿಂದ ಸುರಿಯುವುದೆಂದು ಏರ್ಪಾಟಾಗಿತ್ತು. ಬೋಳಗಳು ದೂರದ ಮರಗಳ ಮೇಲೆ ಹಳೆಯ ಕೋಟು ತೂಗುಹಾಕಿದ ಹಾಗೆ ಅಲ್ಲಾಡದೆ ಕೂತಿದ್ದವು. ಎಲ್ಲರೂ ಟ್ರೈಲರ್ ಹತ್ತಿದರು. ಮುಖ್ಯಸ್ಥೆಯ ಪಕ್ಕ ಮಗಳಿಗೇ ಕುರ್ಚಿ ಸಿಕ್ಕಿತು. ಬಸುರಿ ಹೆಂಗಸೆಂದು ಮುಖ್ಯಸ್ಥೆಯೇ ಕರೆದು ಕೂರಿಸಿಕೊಂಡಳು. ಇದನ್ನು ನೋಡಿ ಅವಳ ಎದೆ ತುಂಬಿಬಂತು. ಮೀಸೆ ಟ್ರಾಕ್ಟರು ಚಾಲೂ ಮಾಡಿದ. ಅದೇ ಹಳೆಯ ಎಂಜಿನ್ನು, ಎರಡು ಸಲ ಕೆಮ್ಮಿ, ಆಮೇಲೆ ಡಬಡಬ ಎಂದು ಹಿಡಿದುಕೊಳ್ಳುವುದು. ಎಂಜಿನ್ನಿಗೆ ಯಾರೂ ಫಿನಾಯಿಲು ಹಾಕಿರಲಿಲ್ಲ.

ಮರಗಳು ಒಮ್ಮೆಲೇ ಹಗುರಾದ ಹಾಗೆ ಕಂಡಿತು ಅವಳಿಗೆ. ಆಮೇಲೆ ಆಕಾಶದಲ್ಲಿ ಚಾಪೆ ಕೊಡವುವ ಸದ್ದು. "ಬಂದ್ವು, ಬಂದ್ವು! ನಿಮ್ಮನ್ನ ಸ್ವಾಗತಿಸೋಕೆ ತಾವಾಗೇ ಬರ್ತಿವೆ ನೋಡಿ ಮೇಡಂ," ಎಂದು ಅಧ್ಯಕ್ಷರು ಕುರ್ಚಿಯಲ್ಲೇ ಕುಣಿದರು. ತಂಡದವರು ಓಹೋ ಎಂದು ಫೋನು ಎತ್ತಿದರು. ಮೊದಲನೆಯದು ಟ್ರಾಕ್ಟರಿನ ಬಾನೆಟ್ಟಿನ ಮೇಲೆ ಇಳಿಯಿತು, ಇನ್ನೊಂದು ಟ್ರೈಲರಿನ ಹಿಂಬದಿಯ ಹಲಗೆಯ ಮೇಲೆ. ಮತ್ತೆ ಎಣಿಸಲಾಗದ ಹಾಗೆ. ಶಾಮಿಯಾನದ ಬಟ್ಟೆ ಭಾರಕ್ಕೆ ಜೋತು ಅತಿಥಿಗಳ ತಲೆಗೆ ತಾಕಿತು. ಕುರ್ಚಿಗಳ ನಡುವೆ ಇಳಿದವು, ಕಾರ್ಪೆಟ್ಟನ್ನು ಕೊಕ್ಕಿನಿಂದ ಎತ್ತಿ ಕೆಳಗೆ ಹುಡುಕಿದವು; ದಿನಾ ಇದ್ದದ್ದು ಇವತ್ತೆಲ್ಲಿ ಎಂಬಂತೆ ತಲೆ ಓರೆ ಮಾಡಿ ಒಬ್ಬೊಬ್ಬರ ಮುಖವನ್ನೂ ನೋಡಿದವು. ಒಂದು ಮುಖ್ಯಸ್ಥೆಯ ಕೈಚೀಲವನ್ನು ಎಳೆದು ನುಂಗಲು ನೋಡಿ ಉಗುಳಿತು. ಬಿಳಿಯ ಹಿಕ್ಕೆ ಅಧ್ಯಕ್ಷರ ಕೋಟಿನ ಮೇಲೆ ಗಂಜಿಯ ಹಾಗೆ ಇಳಿಯಿತು. ಕೂಗಾಟದ ನಡುವೆ ಅವಳ ತಲೆಯೊಳಗೆ ಒಂದು ಮಾತು ತಣ್ಣಗೆ ಓಡಾಡುತ್ತಿತ್ತು: ವಾಸನೆಯಲ್ಲ, ಸದ್ದು. ಇವು ಬರುತ್ತಿದ್ದದ್ದು ಸದ್ದಿಗೆ. ವಾಸನೆ, ವಾಸನೆ ಎಂದು ತಾನೊಬ್ಬಳೇ ಹಲುಬಿಕೊಂಡು ತಿಕ್ಕಿದ್ದು. ಆಗ ಮಗಳನ್ನು ಕಂಡಳು. ಮಗಳು ಎರಡು ಕೈಯಲ್ಲೂ ಹೊಟ್ಟೆ ಮುಚ್ಚಿಕೊಂಡು ಬೆನ್ನನ್ನು ಕುರ್ಚಿಯೊಳಗೆ ಒತ್ತಿದ್ದಳು, ಅವಳೆದುರು ನಿಂತ ಬೋಳ ಆ ಗುಂಡನೆಯ ಹೊಟ್ಟೆಯನ್ನು, ಬಿಚ್ಚಬೇಕಾದ ಗಂಟೊಂದನ್ನು ನೋಡುವ ಹಾಗೆ, ನೋಡುತ್ತಿತ್ತು.

"ಎಂಜಿನ್ ಆರಿಸೋ ಮೀಸೆ!" ಎಂದು ಚೀರಿ ಅವಳು ಹಲಗೆ ದಾಟಿ ಕೆಳಗೆ ಧುಮುಕಿದಳು. ಜೊತೆಗೇ ತಂದಿದ್ದ ಕೊಡೆ ಬಿಚ್ಚಿದಳು. ಪ್ರತಿದಿನ ಬೆಳಗಿನ ಅದೇ ದನಿಯಲ್ಲಿ, "ಇಲ್ಲಿ, ಇಲ್ಲಿ ಹಾಕು," ಎನ್ನುತ್ತ ದಂಡೆಯುದ್ದಕ್ಕೂ ನಡೆಯತೊಡಗಿದಳು. ಹಿಂದೆ ಒಂದೊಂದಾಗಿ ಧೊಪ್ಪೆಂದು ಇಳಿಯುವುದು ಕೇಳಿಸಿತು. ಅವಳು ತಿರುಗಲಿಲ್ಲ. ಒಣ ಕೊಕ್ಕುಗಳು ಕಟಕಟ ಬಡಿದುಕೊಳ್ಳುತ್ತಿದ್ದವು. ಸೀರೆಯ ನೆರಿಗೆಗೆ ಏನೋ ತಾಗುತ್ತಿತ್ತು. ಕರಿಯ ಕೊಡೆಯ ಕೆಳಗೆ ಅವಳು, ಹಿಂದೆ ಉದ್ದನೆಯ ಸಾಲಿನಲ್ಲಿ ಬೋಳುತಲೆಗಳು, ನಿವೃತ್ತ ಅಧಿಕಾರಿಗಳ ಮೆರವಣಿಗೆಯ ಹಾಗೆ. ಆಚೆ ದಂಡೆಯ ಕೈಗಾಡಿಯವರೆಗೂ ಕರೆದೊಯ್ದು ನಿಂತಾಗ, ಟ್ರೈಲರಿನಿಂದ ಚಪ್ಪಾಳೆ ಕೇಳಿಸಿತು. ಮೊದಲು ಒಬ್ಬರದು, ಆಮೇಲೆ ಎಲ್ಲರದ್ದೂ. ಮುಖ್ಯಸ್ಥೆ ಎದ್ದುನಿಂತು ಫೋನು ಹಿಡಿದಿದ್ದಳು. ಅವಳು ಆ ಕಡೆ ತಿರುಗಿ ನಕ್ಕಳು. ಕೊಡೆಯನ್ನು ಒಂದಿಷ್ಟು ಎತ್ತಿ ಬಾಗಿಸಿಯೂ ಬಿಟ್ಟಳು.

"ಅದ್ಭುತ ಸಾರ್! ಇಂಥದ್ದು ನಾನೆಲ್ಲೂ ನೋಡಿಲ್ಲ," ಎಂದು ಮುಖ್ಯಸ್ಥೆ ಅಧ್ಯಕ್ಷರಿಗೆ ಹೇಳುತ್ತಿದ್ದದ್ದು ಹತ್ತಿರ ಬರುವಾಗಲೇ ಕೇಳಿಸಿತು. "ಗೋಪುರ ಎಲ್ಲಾ ಕಡೆ ಇರುತ್ತೆ. ಇದು ಬೇರೆ ಕಡೆ ಇಲ್ಲ. ಇದನ್ನೇ ಮುಂದಿಡಿ." ಅಧ್ಯಕ್ಷರು ಕೋಟಿನ ಹಿಕ್ಕೆ ಒರೆಸುವುದನ್ನೂ ಮರೆತು ಅವಳ ಕಡೆ ಬಂದರು. "ನಾನು ಹೇಳ್ಲಿಲ್ವಾ ಮೇಡಂ, ಕಸದಿಂದ ನಿಮ್ಮನ್ನ ಬಿಡಿಸ್ತೀನಿ ಅಂತ? ಇವತ್ತಿಂದ ನೀವು ಪ್ರವಾಸೋದ್ಯಮ ವಿಭಾಗ. ದಿನಾ ಬೆಳಗ್ಗೆ ಒಂದು ನಡಿಗೆ, ಅಷ್ಟೇ ಕೆಲಸ. ಒಳ್ಳೇ ರೇಷ್ಮೆ ಸೀರೆ ಉಡಿ. ಟ್ರಾಕ್ಟರು ನಿಮ್ಮನೆ ಬಾಗಿಲಿಗೇ ಬರುತ್ತೆ, ರಾಣಿ ಥರ ಕೂತ್ಕೊಂಡು ಬನ್ನಿ." ಫ್ಯಾನ್? ಕುರ್ಚಿ? ಕೇಳಬೇಕೆಂದು ಬಾಯಿ ತೆರೆದಳು. ಹೊರಗೆ ಬಂದದ್ದು, ಇಷ್ಟು ವರ್ಷ ನಾಲಿಗೆಯ ಮೇಲೇ ಕೂತು ಸವೆದ ಮಾತು: "ಆಯ್ತು ಸಾರ್."

ಸಂಜೆ ಮಗಳ ಬ್ಯಾಗು ಬಾಗಿಲ ಪಕ್ಕಕ್ಕೆ ಬಂದು ನಿಂತಿತು. ಅವಳು ಬಚ್ಚಲಿಗೆ ಹೋಗಿ ಕೈ ಉಜ್ಜಿದಳು, ಬಂದಳು, ಮತ್ತೆ ಹೋದಳು.

"ವಾಸನೆಗೆ ಅಲ್ವಾ?" ಕೊನೆಗೆ ಅವಳೇ ಕೇಳಿದಳು. "ನಿನ್ನೆ ನೀನು ಅವರ ಹತ್ರ ಮಾತಾಡಿದ್ದು ಕೇಳಿಸ್ಕೊಂಡೆ."

ಮಗಳು ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ನಿನ್ನೆವರೆಗೂ ವಾಸನೆಗೇ ಅಮ್ಮ. ಸುಳ್ಳು ಯಾಕೆ ಹೇಳ್ಲಿ. ಆದ್ರೆ ಇವತ್ತು ನೀನು ಇಳಿದು ಹೋದೆಯಲ್ಲ, ನನಗೋಸ್ಕರ ಹೋದೆ ಅಂತ ನನಗೆ ಗೊತ್ತು. ಆಗ ಅನ್ನಿಸ್ತು, ವಾಸನೆ ಇದ್ರೆ ಇರ್ಲಿ ಬಿಡು ಅಂತ."

"ಮತ್ತೆ ಈ ಬ್ಯಾಗು?"

"ಅವರು ಚಪ್ಪಾಳೆ ಹೊಡೆದಾಗ ನಕ್ಕೆಯಲ್ಲ." ಮಗಳ ದನಿ ಸಣ್ಣಗಾಯಿತು. "ಅದನ್ನ ನೋಡೋಕಾಗ್ಲಿಲ್ಲ ನನಗೆ."

ನಗುವನ್ನು ಅವಳು ಮರೆತಿದ್ದಳು, ಅಥವಾ ಮರೆತೆನೆಂದುಕೊಂಡಿದ್ದಳು. ಮಲಗಿದ ಮೇಲೂ ಅದು ಮುಖದ ಮೇಲೆ ಒಣಗಿದ ಗಂಜಿಯ ಹಾಗೆ ಬಿಗಿಯುತ್ತಿತ್ತು. ಆ ಸಭೆಯಲ್ಲಿ ಅಧ್ಯಕ್ಷರ ಕಣ್ಣು ಹೊಳೆದಾಗಲೂ ಇದೇ ನಗು ನಕ್ಕಿದ್ದಳು. ಟೈಲರಮ್ಮನಿಗೆ ಟೀ ಅಂಗಡಿಯ ಮಾತು ಹೇಳುವಾಗಲೂ ತುಟಿಯಲ್ಲಿ ಇದೇ ಇತ್ತು. ಯಾವ ಸೋಪಿಗೆ ಹೋಗುತ್ತದೆ ಇದು? ಮೂಗು ಸತ್ತದ್ದನ್ನು ಬೇರೆಯವರ ಮುಖ ನೋಡಿ ತಿಳಿದುಕೊಂಡಳು. ಇದನ್ನು ತಿಳಿಯಲು ಹೆತ್ತ ಮಗಳ ಬಾಯಿಯೇ ಬೇಕಾಯಿತಲ್ಲ. ಇಡೀ ಊರು ಹೊಲಸನ್ನು ಹರಡಿ ಅದರ ಮೇಲೆ ಟಿಕೆಟ್ ಕಿಟಕಿ ಇಟ್ಟಿತ್ತು, ಆ ಕಿಟಕಿಯ ಹಿಂದೆ ಕೂತು ನಗುತ್ತಿದ್ದದ್ದು ತನ್ನ ಮುಖ.

ಬೆಳಗ್ಗೆ ಮಗಳು ಬಸ್ಸಿಗೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದಾಗ ಟ್ರಾಕ್ಟರು ಬೀದಿಗೆ ತಿರುಗಿದ ಸದ್ದು ಬಂತು. ಎರಡು ಕೆಮ್ಮು, ಡಬಡಬ. ಮನೆಯ ಮುಂದೆ ಬಂದು ಹಾರ್ನ್ ಹೊಡೆಯಿತು. ಅದರ ಹಿಂದೆಯೇ ಮಾಡಿನ ತಗಡಿನ ಮೇಲೆ ಭಾರದ ಕಾಲುಗಳು ಒಂದಾದ ಮೇಲೊಂದು ಇಳಿದವು. ಕಾಂಪೌಂಡಿನ ಮೇಲೆ, ನೀರಿನ ಟ್ಯಾಂಕಿನ ಮೇಲೆ, ಬಟ್ಟೆ ಒಣಹಾಕುವ ಕಂಬದ ಮೇಲೆ. ಮುಚ್ಚಿದ ಕಿಟಕಿಯ ಗಾಜಿಗೆ ಒಂದು ಬೋಳುತಲೆ ಹತ್ತಿರ ಬಂದು, ಒಳಗೆ ನೋಡಿ, ಗಾಜನ್ನು ಟಕ್ ಎಂದು ಕುಟ್ಟಿತು. ಮಗಳ ಕೈಯಲ್ಲಿ ಬಾಚಣಿಗೆ ನಿಂತುಹೋಯಿತು.

ಬಾಗಿಲ ಹಿಂದೆ ಕೊಡೆ ತೂಗುತ್ತಿತ್ತು. ಅವಳು ಅದನ್ನು ತೆಗೆದುಕೊಳ್ಳಲಿಲ್ಲ. ಬರಿಗೈಯಲ್ಲಿ ಹೊರಗೆ ಬಂದಳು. ಬೀದಿಯ ತುದಿಯಲ್ಲಿ ಆಗಲೇ ನಾಲ್ಕಾರು ಜನ ಫೋನು ಎತ್ತಿ ನಿಂತಿದ್ದರು. ಪುರಸಭೆಯ ಟೋಪಿ ಹಾಕಿದ ಗುಮಾಸ್ತ, "ಸ್ವಲ್ಪ ನಗ್ತಾ ಬನ್ನಿ ಮೇಡಂ," ಎಂದು ಕೈಬೀಸಿದ. "ರೇಷ್ಮೆ ಎಲ್ಲಿ ಮೇಡಂ?" ಎಂದ ಮೀಸೆ, ಸೀಟಿನ ಮೇಲಿಂದ. ಅವಳು ಚಕ್ರದ ಮೇಲೆ ಕಾಲಿಟ್ಟು ಹತ್ತಿ, ಅವನ ಮೊಣಕಾಲಿನ ಮೇಲಿಂದ ಕೈಚಾಚಿ ಕೀಲಿ ತಿರುಗಿಸಿ ಎಳೆದುಕೊಂಡಳು. ಸದ್ದು ನಿಂತಿತು. ಇಷ್ಟು ದಿನ ಅದು ಎಷ್ಟು ದೊಡ್ಡದಾಗಿತ್ತೆಂದು ನಿಂತಾಗಲೇ ಗೊತ್ತಾದದ್ದು.

"ಮೇಡಂ, ಅಧ್ಯಕ್ಷರಿಗೆ ಏನು ಹೇಳ್ಲಿ?"

"ಗುಂಡಿಗೆ ಸುಣ್ಣ ತರಿಸು ಅಂತ ಹೇಳು. ಸುಣ್ಣ ಬಂದ ದಿನ ಕೀಲಿ ಕೊಡ್ತೀನಿ."

"ಕೆಲಸ ಹೋಗುತ್ತೆ ಮೇಡಂ."

"ಇದಾ? ಇದಕ್ಕೆ ಕೆಲಸ ಅಂತಾರೇನೋ?"

ಗುಮಾಸ್ತ ಯಾರಿಗೋ ಫೋನು ಮಾಡುತ್ತಿದ್ದ. ಹಕ್ಕಿಗಳು ಹೋಗಲಿಲ್ಲ. ಅವಕ್ಕೇನು ಅವಸರ, ಕತ್ತನ್ನು ಹೆಗಲೊಳಗೆ ಎಳೆದುಕೊಂಡು ಅವಳನ್ನೇ ನೋಡುತ್ತ ಕೂತಿದ್ದವು, ಇವತ್ತಲ್ಲದಿದ್ದರೆ ನಾಳೆ ಎನ್ನುವ ಹಾಗೆ. ಟ್ರಾಕ್ಟರಿನ ಎಣ್ಣೆ, ಹಳೆಯ ಜಿಡ್ಡು, ಇನ್ನೂ ಏನೇನೋ ಮೆತ್ತಿದ ಕೈಯಲ್ಲಿ ಕೀಲಿ ಬೆಚ್ಚಗಿತ್ತು. ಅಭ್ಯಾಸಬಲದಿಂದ ಅವಳು ಮನೆಯ ಪಕ್ಕದ ನಲ್ಲಿಯ ಕಡೆ ತಿರುಗಿದಳು.

ಕಿಟಕಿ ತೆರೆದ ಸದ್ದಾಯಿತು. ಗಾಜಿನ ಬಳಿಯಿದ್ದ ಬೋಳ ರೆಕ್ಕೆ ಬಡಿದು ಕಾಂಪೌಂಡಿಗೆ ಹಾರಿತು. ಮಗಳು ಕಂಬಿ ಹಿಡಿದು ನಿಂತಿದ್ದಳು, ಮುಖ ಬಿಳಿಚಿಕೊಂಡಿತ್ತು, ಬೀದಿಯ ಗಾಳಿ ಪೂರ್ತಿ ಅವಳ ಮುಖಕ್ಕೇ ಹೊಡೆಯುತ್ತಿತ್ತು. ಒಮ್ಮೆ ಓಕರಿಕೆ ಬಂದು ಬಾಯಿಗೆ ಕೈಹಿಡಿದಳು. ಆಮೇಲೆ ಕೈ ತೆಗೆದಳು.

"ಅಮ್ಮಾ, ಕೈ ತೊಳೀಬೇಡ," ಎಂದಳು. "ಹಾಗೇ ಒಳಗೆ ಬಾ."